ಕುಂಟು ಕಾಗೆಗೆ ಕೊಟ್ಟ ಮಾತು

ನಂಜನಗೂಡಿನ ನಮ್ಮ ಮನೆಯಲ್ಲಿ ರಾಯರು ಇಬ್ಬರಿದ್ದರು. ಒಬ್ಬರು ನಮ್ಮಪ್ಪ, ಮುನ್ಸೀಫ್ ಕೋರ್ಟಿನ ವಕೀಲರು. ಕರೀ ಕೋಟು, ಜರಿಯಂಚಿನ ಪೇಟ, ನಡೆದರೆ ಕಿರ್ರೆನ್ನುವ ಜೋಡು. ಜಗಲಿಯಲ್ಲಿ ಕಾದು ಕೂತ ಕಕ್ಷಿಗಾರರಿಂದ ಹಿಡಿದು ಒಳಗಿನ ನಮ್ಮಮ್ಮನವರೆಗೆ ಎಲ್ಲರ ಬಾಯಲ್ಲೂ ಅವರು ‘ರಾಯರು’. ಇನ್ನೊಬ್ಬರಿಗೂ ಕರೀ ಕೋಟೇ, ಆದರೆ ಎಡಗಾಲಿನ ಬೆರಳು ಮುರಿದು ಕುಂಟು. ಅದು ದಿನಾ ಮಧ್ಯಾಹ್ನ ಹಿತ್ತಲ ಗೋಡೆಯ ಮೇಲೆ ಬಂದು ಕೂರುತ್ತಿದ್ದ ಒಂದು ಕಾಗೆ. ಅದಕ್ಕೆ ರಾಯರೆಂದು ನಾಮಕರಣ ಮಾಡಿದವರು ಸಾತತ್ತೆ, ಅಪ್ಪನ ಅಕ್ಕ. ಹನ್ನೊಂದನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಮನೆಯ ಹಿಂಬದಿಯಲ್ಲೇ ಜೀವ ಸವೆಸಿದವರು. ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಆ ಕಾಗೆಯನ್ನು ಕರೆಯುವಾಗ, ಅದು ಬಿಟ್ಟರೆ ನಾನೀಗ ಹೇಳಹೊರಟಿರುವ ಒಂದು ದಿನ. ಆ ದಿನದ ಶಾಕ್ ಈ ವಯಸ್ಸಿನಲ್ಲೂ ನನ್ನ ಮೈಯಿಂದ ಪೂರ್ತಿ ಇಳಿದಿಲ್ಲ.

ಮನೆಯ ಮುಖ ಬೀದಿಗೆ, ಬೆನ್ನು ಕಪಿಲೆಗೆ. ಮುಂದೆ ಜಗಲಿ, ಅದರ ಹಿಂದೆ ಅಪ್ಪನ ಕಾಗದಪತ್ರದ ಕೋಣೆ, ಆಮೇಲೆ ನಡುಮನೆ. ನಡುಮನೆಯ ಕಂಬಕ್ಕೊರಗಿ ಅಜ್ಜಿ ಕೂರುತ್ತಿದ್ದರು. ಅಲ್ಲಿಂದ ಅವರಿಗೆ ಬೀದಿ ಬಾಗಿಲೂ ಅಡುಗೆಮನೆಯೂ ಒಟ್ಟಿಗೆ ಕಾಣುತ್ತಿದ್ದವು, ಹಾಗಾಗಿ ಅವರಿಗೆ ಗೊತ್ತಿಲ್ಲದೆ ಆ ಮನೆಯಲ್ಲಿ ಒಂದು ಹುಣಿಸೆಬೀಜವೂ ಅತ್ತಿತ್ತ ಹೋಗುತ್ತಿರಲಿಲ್ಲ. ಊಟಕ್ಕೆ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ ಮತ್ತು ಅಮ್ಮ. ಎಲ್ಲರದೂ ಮುಗಿದು, ಒಲೆ ಸಾರಿಸಿ, ಮತ್ತೊಮ್ಮೆ ಮಡಿಯುಟ್ಟು, ಸಾತತ್ತೆ ತಮ್ಮೊಬ್ಬರಿಗೇ ಒಂದು ಹಿಡಿ ಬೇಯಿಸಿಕೊಳ್ಳುತ್ತಿದ್ದರು. ದಿನಕ್ಕೆ ಅದೊಂದೇ ಊಟ. ಅದರಲ್ಲೂ ಮೊದಲ ತುತ್ತು ಕಾಗೆಗೆ. ಹಿತ್ತಲ ಗೋಡೆಯ ಮೇಲೆ ಮುತ್ತುಗದ ಎಲೆಯಲ್ಲಿ ಅನ್ನವಿಟ್ಟು, ನದಿಯ ಕಡೆ ಮುಖ ಮಾಡಿ, ದನಿಯನ್ನು ಎಳೆದೆಳೆದು ಕರೆಯುತ್ತಿದ್ದರು:

“ರಾಯರೇ… ಎಲೆ ಹಾಕಿದೆ… ಬನ್ನೀ…”

ಎಲ್ಲಿರುತ್ತಿತ್ತೋ, ಬಂದು ಇಳಿಯುತ್ತಿತ್ತು. ನಾನು ಪಕ್ಕದಲ್ಲಿ ಒರಳುಕಲ್ಲಿನ ಮೇಲೆ ಕೂತು ಕಾಲಾಡಿಸುತ್ತಾ ಇದನ್ನೆಲ್ಲ ನೋಡುವವಳು. ನಾನು ಅದೇ ಮಾತು ಹೇಳಿ ಕರೆದರೆ ತಲೆ ಓರೆ ಮಾಡಿ ನನ್ನನ್ನು ತೂಗಿ ನೋಡುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಅತ್ತೆಯ ರಾಗವೇ ಬೇಕು. ಅದು ತಿನ್ನುತ್ತಿದ್ದರೆ ಅತ್ತೆಗೆ ಎಲ್ಲಿಲ್ಲದ ಮಾತು ಬರುತ್ತಿತ್ತು.

“ಏನ್ ರಾಯರೇ, ಕೋರ್ಟು ಬೇಗ ಎದ್ದುಬಿಡ್ತೋ? ಕೇಸು ಗೆದ್ರೋ ಸೋತ್ರೋ? ಸೋತ್ರೂ ಫೀಸು ವಸೂಲು ಮಾಡ್ಕೊಂಡ್ರಿ ತಾನೆ?”

ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅತ್ತೆ ಬೆರಳು ತುಟಿಗಿಟ್ಟು ನಡುಮನೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ನಿಜವಾದ ರಾಯರನ್ನು, ಅಂದರೆ ತಮ್ಮನನ್ನು, ಅವರು ಕರೆಯುತ್ತಿದ್ದದ್ದು ‘ಲೋ ಶಾಮು’ ಅಂತ. ಅದೂ ಬಾಗಿಲ ಸಂದಿನಿಂದ, ಉಸಿರಿಗಿಂತ ಸ್ವಲ್ಪ ದೊಡ್ಡದಾಗಿ.

ನನಗೆ ಒಂಬತ್ತು ತುಂಬುವ ವರ್ಷ ಮನೆಯಲ್ಲಿ ಎರಡು ಸಾವಾದವು. ಮೊದಲು ತಾತ, ಆರು ತಿಂಗಳಿಗೆ ಅಜ್ಜಿ. ಅಜ್ಜಿ ಹೋಗುವ ಮೊದಲು ನನ್ನ ವಿಚಾರದಲ್ಲಿ ಎರಡು ತೀರ್ಪು ಕೊಟ್ಟಿದ್ದರು. ಒಂದು, ಬೀದಿಯ ಕೊನೆಯಲ್ಲಿದ್ದ ಹುಡುಗಿಯರ ಸ್ಕೂಲನ್ನು ಬಿಡಿಸಿದ್ದು. “ಎಂಟು ತುಂಬಿತು. ಅಗಸರ ಲೆಕ್ಕ ಬರೆಯೋಷ್ಟು ಬಂತಲ್ಲ, ಸಾಕು” ಅಂದರು, ಸಾಕಾಯಿತು. ಎರಡು, ತಿರುಮಕೂಡಲು ನರಸೀಪುರದ ಶಿರಸ್ತೇದಾರರ ಮಗನಿಗೆ ನನ್ನನ್ನು ಕೊಡುವುದೆಂದು ಮಾತಾಡಿದ್ದು. ನರಸೀಪುರ ನಮ್ಮ ಅಜ್ಜಿ ತಾತನ ಮೂಲದ ಊರು. ಸಂಗಮದ ಹತ್ತಿರ ಹಳೇ ಮನೆ, ಗದ್ದೆ ಎಲ್ಲ ಅಲ್ಲೇ. ಆ ಮನೆಯಲ್ಲಿ ಚಿಕ್ಕಪ್ಪ ಸಂಸಾರ ಹೂಡಿಕೊಂಡು, ತಾಲ್ಲೂಕು ಕಚೇರಿಯಲ್ಲಿ ಅದೇ ಶಿರಸ್ತೇದಾರರ ಕೈಕೆಳಗೆ ಗುಮಾಸ್ತರಾಗಿದ್ದರು. ಈ ಸಂಬಂಧದಲ್ಲಿ ಅವರಿಗಿದ್ದ ಉತ್ಸಾಹ ಎಂಥದೆಂದು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನಿಗೆ ಮನಸ್ಸಿರಲಿಲ್ಲವೆಂದು ಅಮ್ಮ ಆಮೇಲೆ ಹೇಳುತ್ತಿದ್ದರು. ಆದರೆ ಕೋರ್ಟಿನಲ್ಲಿ ಗುಡುಗುತ್ತಿದ್ದ ಅಪ್ಪ ಅಜ್ಜಿಯ ಎದುರಿಗೆ ಒಮ್ಮೆಯೂ ‘ಇಲ್ಲ’ ಎಂದದ್ದನ್ನು ನಾನು ಕಾಣೆ.

ಹತ್ತನೆಯ ದಿನ ನಮ್ಮಲ್ಲಿ ನದೀತೀರದಲ್ಲಿ ಕಾಗೆಗೆ ಪಿಂಡವಿಡುತ್ತಾರೆ. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಆಸೆ ಉಳಿದುಬಿಟ್ಟಿದೆ ಎಂದು ಅರ್ಥ. ಏನದು ಎಂದು ಇದ್ದವರೇ ಊಹಿಸಿ, ನೆರವೇರಿಸುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಮಾತು ಬಂದ ಕ್ಷಣ ಕಾಗೆ ಬರುತ್ತದೆ. ಆ ಮಾತನ್ನು ಆಮೇಲೆ ಮುರಿಯುವ ಹಾಗಿಲ್ಲ. ತಾತನ ಪಿಂಡಕ್ಕೆ ಕಾಗೆ ಕಾಯಿಸಿಯೇ ಇರಲಿಲ್ಲ, ಶಾಸ್ತ್ರಿಗಳು ಕೈ ತೆಗೆಯುವ ಮುಂಚೆಯೇ ಬಾಯಿ ಹಾಕಿತ್ತು. “ಬದುಕಿದ್ದಾಗಲೂ ಅಷ್ಟೇ, ಎಲೆ ಹಾಕೋದು ಒಂದ್ ಗಳಿಗೆ ತಡ ಆದ್ರೆ ತಡೀತಿರಲಿಲ್ಲ” ಎಂದು ಅಜ್ಜಿ ಅಳುತ್ತಲೇ ಹೆಮ್ಮೆಪಟ್ಟುಕೊಂಡಿದ್ದರು. ಅಜ್ಜಿಯ ಸರದಿ ಬಂದಾಗ ಹಾಗಾಗಲಿಲ್ಲ.

ನಮ್ಮ ಹಿತ್ತಲ ಬಾಗಿಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನದಿಗಿಳಿಯುವ ಸೋಪಾನ. ಬಂಧುಗಳೆಲ್ಲ ನೆರೆದಿದ್ದರು. ಒದ್ದೆ ಪಂಚೆಯಲ್ಲಿ, ಬೋಳಿಸಿದ ತಲೆಯಲ್ಲಿ, ಅಪ್ಪ ನನ್ನ ಕಣ್ಣಿಗೆ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ಹೆಂಗಸರು ಒಂದು ಪಕ್ಕ. ಅವರಿಗೂ ಹಿಂದೆ, ಅರಳಿಕಟ್ಟೆಯ ಮೂಲೆಯಲ್ಲಿ, ಸಾತತ್ತೆ ಒಬ್ಬರೇ. ಸೂತಕದ ಹತ್ತು ದಿನವೂ ಅವರು ಕಾಗೆಯನ್ನು ಕರೆದಿರಲಿಲ್ಲ. ಪಾಪ, ಅದು ದಿನಾ ಬಂದು ಗೋಡೆಯ ಮೇಲೆ ಕೂತು ಕಾದು ಹೋಗುತ್ತಿದ್ದದ್ದನ್ನು ನಾನು ನೋಡಿದ್ದೆ. ಪಿಂಡವಿಟ್ಟು ಎಲ್ಲರೂ ಹಿಂದೆ ಸರಿದರು. ಮರದ ಮೇಲೆ ಕಾಗೆಗಳಿಗೆ ಬರವಿರಲಿಲ್ಲ, ಒಂದೂ ಇಳಿಯಲಿಲ್ಲ. ಬಿಸಿಲೇರಿತು. ಕಲ್ಲು ಕಾದು ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತಾ ನಿಂತೆ.

“ಏನಾದ್ರೂ ಮಾತು ಕೊಡಿ ರಾಯರೇ, ತಾಯಿ ಜೀವ ಅಲ್ಲಾಡ್ತಾ ಇದೆ,” ಅಂದರು ಶಾಸ್ತ್ರಿಗಳು.

ಅಪ್ಪ ಕೈಮುಗಿದು, ನರಸೀಪುರದ ಗದ್ದೆಯನ್ನು ಮಾರುವುದಿಲ್ಲ ಅಂದರು. ಇಲ್ಲ. ವರ್ಷಾವರ್ಷ ಅಭಿಷೇಕ ಮಾಡಿಸುತ್ತೇನೆ ಅಂದರು. ಇಲ್ಲ. ನಮ್ಮಮ್ಮ ಬೆವರುತ್ತಾ ಪಕ್ಕದವರ ಕಿವಿಯಲ್ಲಿ, “ಅತ್ತೆಯವರ ಜರತಾರಿ ಸೀರೆ ನಾನು ಉಡೋಲ್ಲ ಅಂತ ಹೇಳೋಕೆ ಹೇಳಿ” ಅಂದರು. ಆ ಮಾತು ಬಾಯಿಂದ ಬಾಯಿಗೆ ಹೋಗಿ ಅಪ್ಪನನ್ನು ಮುಟ್ಟಿ, ಅಪ್ಪ ಅದನ್ನೂ ಗಂಭೀರವಾಗಿ ಹೇಳಿದರು. ಒಂದು ಕಾಗೆ ರೆಕ್ಕೆ ಕೊಡವಿತು, ಅಷ್ಟೆ. ಆಗ ಚಿಕ್ಕಪ್ಪ ಮುಂದೆ ಬಂದರು.

“ಇನ್ಯಾಕಣ್ಣ ಸುತ್ತಿ ಬಳಸಿ? ಅಮ್ಮನಿಗೆ ಇದ್ದದ್ದು ಒಂದೇ ಆಸೆ, ಎಲ್ಲರಿಗೂ ಗೊತ್ತಿದೆ. ಪುಟ್ಟಿ ಮದುವೆ. ಈ ವರ್ಷದೊಳಗೇ ಶಿರಸ್ತೇದಾರ್ರ ಮನೆಗೆ ಧಾರೆ ಎರೀತೀನಿ ಅನ್ನು. ಕಾಗೆ ಬರದಿದ್ರೆ ನನ್ನ ಹೆಸರು ಕರೆದು ಕೇಳು.”

ಎಲ್ಲರೂ ಹೌದು ಹೌದು ಅಂದರು. ಆಗ ಕಾಗೆ ಬಂದುಬಿಟ್ಟರೆ ಮುಗಿಯಿತು; ಯಾವ ಕೋರ್ಟೂ ಅದನ್ನು ತಳ್ಳಿಹಾಕಲಾರದು ಎಂದು ಒಂಬತ್ತು ವರ್ಷದ ನನಗೂ ಗೊತ್ತಿತ್ತು. ಅಪ್ಪ ಒಂದು ಸಲ ನನ್ನ ಕಡೆ ನೋಡಿದರು. ಬೊಗಸೆಯಲ್ಲಿ ನೀರು ತೆಗೆದುಕೊಂಡರು. “ಅಮ್ಮಾ, ನಿನ್ನ ಮೊಮ್ಮಗಳ…” ಅಷ್ಟು ಹೇಳಿದ್ದರು.

“ರಾಯರೇ…”

ಅರಳಿಕಟ್ಟೆಯ ಕಡೆಯಿಂದ. ಅಷ್ಟು ಜನ ಒಟ್ಟಿಗೆ ಹಿಂದಿರುಗಿ ನೋಡಿದರು. ಸಾತತ್ತೆ ಎದ್ದು ನಿಂತಿದ್ದರು. ಮಡಿ ಹೆಂಗಸು, ಗಂಡಸರು ನೆರೆದ ಕಡೆ, ಶಾಸ್ತ್ರಿಗಳ ಮುಂದೆ, ಬಾಯಿಬಿಟ್ಟದ್ದೇ ಒಂದು ಅನಾಹುತ. ಅದರ ಮೇಲೆ, ಎತ್ತಿ ಆಡಿಸಿದ ತಮ್ಮನನ್ನು ರಾಯರೇ ಎಂದು ಕರೆಯುವುದು! ನಮ್ಮಮ್ಮನ ಕೈ ತಾನಾಗಿಯೇ ಬಾಯಿಗೆ ಹೋಯಿತು.

“ರಾಯರೇ… ಅಮ್ಮ ಅಪ್ಪನ ಹೆಸರಲ್ಲಿ, ಹೆಣ್ಣುಮಕ್ಕಳ ಓದಿಗೆ, ಒಂದು ದತ್ತಿ ಇಡ್ತೀನಿ ಅನ್ನೀ… ಈ ಮಗೂನೂ ಓದಿಸ್ತೀನಿ ಅನ್ನೀ… ಬನ್ನೀ…”

ಆ ‘ಬನ್ನೀ’ ಎಳೆದ ರಾಗ ನಮ್ಮ ಹಿತ್ತಲ ಗೋಡೆಯ ರಾಗವೇ. ಮರದ ಎಲ್ಲಿಂದಲೋ ಒಂದು ಕಾಗೆ ನೆಟ್ಟಗೆ ಇಳಿದು ಬಂದು ಕಲ್ಲಿನ ಮೇಲೆ ಕೂತಿತು. ಕುಂಟುತ್ತಾ ಎರಡು ಹೆಜ್ಜೆ ಇಟ್ಟಿತು.

“ಹೇಳಿಬಿಡಿ! ಹೇಳಿಬಿಡಿ ರಾಯರೇ, ನೀರು ಬಿಡಿ!” ಶಾಸ್ತ್ರಿಗಳು ಹೆಚ್ಚೂಕಡಿಮೆ ಕಿರುಚಿದರು.

ಅಪ್ಪ ಗರಬಡಿದವರ ಹಾಗೆ ನಿಂತಿದ್ದವರು ತಡವರಿಸುತ್ತಾ ಅಷ್ಟನ್ನೂ ಹೇಳಿ ನೀರು ಬಿಟ್ಟರು. ಕಾಗೆ ಪಿಂಡಕ್ಕೆ ಕೊಕ್ಕು ಹಾಕಿತು. ಹೆಂಗಸರು ಹೋ ಎಂದು ಅತ್ತರು. “ಇನ್ನು ಎರಡು ಮಾತಿಲ್ಲ, ತಾಯಿಯೇ ಬಂದು ಹೇಳಿಹೋದಳು,” ಅಂದರು ಶಾಸ್ತ್ರಿಗಳು. ಎಲ್ಲರೂ ಕಾಗೆಯನ್ನು ನೋಡುತ್ತಿದ್ದರು. ನಾನು ಅತ್ತೆಯನ್ನು ನೋಡುತ್ತಿದ್ದೆ. ಅವರು ಆಗಲೇ ಸೆರಗೆಳೆದುಕೊಂಡು ಕೂತಾಗಿತ್ತು. ಸೆರಗಿನ ಕೆಳಗಿಂದ ಒಂದೇ ಒಂದು ಸಲ ನನ್ನನ್ನು ನೋಡಿದರು. ನಗಲಿಲ್ಲ, ಬೆರಳು ತುಟಿಗೆ ಇಡಲಿಲ್ಲ. ಆ ನೋಟ ನನ್ನನ್ನು ಬೇಡಿಕೊಂಡಿತೋ, ಎಚ್ಚರಿಸಿತೋ, ಇವತ್ತಿಗೂ ಹೇಳಲಾರೆ. ಭೂಮಿ ನನ್ನ ಕಾಲ ಕೆಳಗಿಂದ ಒಂದು ಅಂಗುಲ ಸರಿಯಿತು ಅನ್ನುವುದು ಮಾತ್ರ ಗೊತ್ತು. ಇಡೀ ಊರು ದೇವರ ಸಮಾನವೆಂದು ಕೈಮುಗಿದ ಸಂಗತಿ ನಮ್ಮ ಹಿತ್ತಲ ಸಂಗತಿ! ಅದನ್ನು ಬಲ್ಲವಳು ನಾನೊಬ್ಬಳೇ!

ಚಿಕ್ಕಪ್ಪ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಹದಿಮೂರನೆಯ ದಿನದ ಊಟ ಮುಗಿದು, ಎಲೆ ಅಡಿಕೆ ಜಗಿಯುತ್ತಾ ಹಿತ್ತಲಿಗೆ ಬಂದರು. ನಾನು ಒರಳುಕಲ್ಲಿನ ಮೇಲೆ. ಗೋಡೆಯ ಮೇಲೆ, ಏನೂ ಅರಿಯದ ಸಾಧುವಿನ ಹಾಗೆ, ರಾಯರು.

“ಪುಟ್ಟೀ, ಬಾ ಇಲ್ಲಿ. ಅವತ್ತು ಬಂದ ಕಾಗೆ ಕುಂಟ್ತಾ ಇತ್ತಲ್ವೇನೆ?”

“ಹೂಂ ಚಿಕ್ಕಪ್ಪ.”

“ಇದೂ ಕುಂಟು. ಇದಕ್ಕೆ ದಿನಾ ಅನ್ನ ಹಾಕೋರು ಯಾರು?”

ಹಿಂದೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ನಿಜ ಹೇಳಿದರೆ ಅತ್ತೆಯ ಗತಿ ಏನು? ನನ್ನ ಗತಿ ಏನು? ನರಸೀಪುರದ ಆ ಹುಡುಗನನ್ನು ನಾನು ನೋಡಿಯೂ ಇರಲಿಲ್ಲ.

“ಅದು ಬೇರೆ ಚಿಕ್ಕಪ್ಪ,” ಅಂದೆ. “ಅವತ್ತು ಬಂದದ್ದಕ್ಕೆ ಬಲಗಾಲು ಕುಂಟು. ಇದಕ್ಕೆ ಎಡಗಾಲು.”

ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ನೆನಪು ಮಾಡಿಕೊಳ್ಳಲು ನೋಡಿದರು. ಎಡವೋ ಬಲವೋ ಅಷ್ಟು ಗೊಂದಲದಲ್ಲಿ ಯಾರು ಗುರುತಿಟ್ಟುಕೊಂಡಿರುತ್ತಾರೆ? “ಥೂ, ಹಾಳು ಕಾಗೆ” ಎಂದು ಎಲೆ ಅಡಿಕೆ ಉಗಿದು ಒಳಗೆ ಹೋದರು. ಅದು ನನ್ನ ಬದುಕಿನ ಮೊದಲ ದೊಡ್ಡ ಸುಳ್ಳು. ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಮಾರನೆಯ ದಿನ ನನ್ನ ಸಾರನ್ನಕ್ಕೆ ಕೇಳದೆಯೇ ಎರಡನೆಯ ಮಿಳ್ಳೆ ತುಪ್ಪ ಬಿತ್ತು. ಬಡಿಸುತ್ತಿದ್ದ ಸಾತತ್ತೆ ಮಾತ್ರ ನನ್ನ ಮುಖ ನೋಡಲಿಲ್ಲ.

ಮಾತು ಮಾತೇ. ಅಪ್ಪ ಗಾಡಿ ಕಟ್ಟಿಸಿಕೊಂಡು ನರಸೀಪುರಕ್ಕೆ ಓಡಾಡಿ, ಹಳೇ ಮನೆಯ ಮುಂಭಾಗವನ್ನೇ ಹುಡುಗಿಯರ ಸ್ಕೂಲಿಗೆ ಬಿಡಿಸಿದರು. ಗದ್ದೆಯ ಗುತ್ತಿಗೆ ದತ್ತಿಗೆ ಹೋಯಿತು. ಅಜ್ಜಿ ತಾತನ ಹೆಸರಿನ ಹಲಗೆ ಬಾಗಿಲ ಮೇಲೆ ಏರಿತು. ತಮ್ಮ ಮನೆಯ ಜಗಲಿಯ ಮೇಲೆ ಮಗ್ಗಿ ಹೇಳುವ ಸದ್ದು ಕೇಳುತ್ತಾ ಚಿಕ್ಕಪ್ಪ ಕಚೇರಿಗೆ ಹೋಗಬೇಕಾಯಿತು. ಮೊದಲ ವರ್ಷ ಬಂದವರು ಐದೇ ಹುಡುಗಿಯರು. ಆದರೆ ಕಾಗೆಯ ಸುದ್ದಿ ಸುತ್ತ ಹಳ್ಳಿಗಳಿಗೆಲ್ಲ ಹಬ್ಬಿತ್ತು. ಒಂದು ದಿನ ಗದ್ದೆಯ ಕಡೆಯ ಕೆಂಪಮ್ಮ ಎಂಬಾಕೆ, ಸೊಂಟದಲ್ಲೊಂದು ಕೈಯಲ್ಲೊಂದು ಮಗು ಹಿಡಿದು, ಅಪ್ಪನ ಎದುರು ಬಂದು ನಿಂತದ್ದನ್ನು ಅಪ್ಪನ ಜೊತೆ ಹೋಗಿದ್ದ ನಾನೇ ಕಂಡೆ.

“ಸ್ವಾಮ್ಯೋರೇ, ಅವ್ವಾರು ಕಾಗೆ ಆಗ್ ಬಂದು ಏಳುದ್ರಂತೆ, ಎಣ್ಣೈಕ್ಳ ಓದ್ಸಿ ಅಂತ. ದಿಟವಾ?”

ಅಪ್ಪ ಬಾಗಿಲ ಮೇಲಿನ ಹಲಗೆಯ ಕಡೆ ನೋಡಿದರು.

“ದಿಟವೇ ಕಣಮ್ಮ.”

“ಅಂಗಾರೆ ನಮ್ ಐಕ್ಳೂ ಬರಬೌದಾ? ಅವ್ವಾರು ಜಾತಿ ಗೀತಿ ಏನಾರ ಏಳುದ್ರಾ?”

“ಇಲ್ಲ. ಅದೇನೂ ಹೇಳಲಿಲ್ಲ. ಕಳಿಸು.”

ನಮ್ಮ ಸುಳ್ಳಿಗೆ ಎಷ್ಟು ಉದ್ದ ಕಾಲು ಬೆಳೆಯುತ್ತಿದೆ! ಮುಂದೆ ನನ್ನನ್ನು ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿಟ್ಟು ಕಾನ್ವೆಂಟಿಗೆ ಸೇರಿಸಿದರು. ಅಲ್ಲಿಯ ಸಿಸ್ಟರ್, ಒಂದು ಸುಳ್ಳು ಕೂಡ ಆತ್ಮದ ಮೇಲೆ ಬಿದ್ದ ಇಂಕಿನ ಕಲೆ ಎಂದು ಹೇಳಿದಾಗಲೆಲ್ಲ ನಾನು ಬೆಂಚಿನ ಮೇಲೆ ಚಡಪಡಿಸುತ್ತಿದ್ದೆ. ನನ್ನ ಕ್ರಿಶ್ಚಿಯನ್ ಗೆಳತಿಯರಿಗೆ ತಪ್ಪೊಪ್ಪಿಕೊಳ್ಳಲು ಕನ್ಫೆಷನ್ ಇತ್ತು. ನನಗೆ ಕಾಗೆಯೊಂದೇ. ಆ ಕಲೆಯಿಂದಲೇ ತಾನೆ ನಾನು ಆ ಬೆಂಚಿನ ಮೇಲೆ ಕೂತದ್ದು ಎಂಬ ತರ್ಕ ಹೊಳೆದದ್ದು ಬಹಳ ಆಮೇಲೆ.

ಒಂದು ರಜೆಯಲ್ಲಿ, ಹಿತ್ತಲಲ್ಲಿ ಇಬ್ಬರೇ ಇದ್ದಾಗ, ತಡೆಯಲಾರದೆ ಕೇಳಿಯೇಬಿಟ್ಟೆ. ಕಾಗೆಯ ವಿಷಯವಲ್ಲ, ಅದನ್ನು ನಾವಿಬ್ಬರೂ ಎಂದೂ ಬಾಯಿಗೆ ತರಲಿಲ್ಲ. ಬೇರೆ ಕೇಳಿದೆ.

“ಅತ್ತೆ, ನನ್ನ ಸ್ಕೂಲು ಬಿಡಿಸಿದ್ದೇ ಅಜ್ಜಿ. ಹುಡುಗಿಯರ ಓದಿನ ದತ್ತಿಗೆ ಅಜ್ಜಿ ಹೆಸರೇ ಯಾಕೆ ಹೇಳಿದ್ರಿ?”

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ನಿಮ್ಮಪ್ಪ ಸ್ಕೂಲಿಗೆ ಹೋಗ್ತಿದ್ದ. ನಾನು ಆಗ ತಾನೇ ತಲೆಗೂದಲು ಕೊಟ್ಟು ಬಂದು ಕತ್ತಲೆ ಕೋಣೇಲಿ ಕೂತಿದ್ದೆ. ಅವನು ಸಾಯಂಕಾಲ ಬಂದು ಅವನ ಸ್ಲೇಟಿನ ಮೇಲೆ ನಂಗೆ ಬರೆದು ತೋರಿಸ್ತಿದ್ದ. ಅ, ಆ, ಇ… ‘ಈ’ವರೆಗೂ ಬಂದಿತ್ತು. ಅಮ್ಮ ನೋಡಿಬಿಟ್ಟಳು. ಗಂಡನ್ನ ತಿಂದದ್ದು ಸಾಲದೂಂತ ಅಕ್ಷರ ಬೇರೆ ಕಲಿತು ಮನೆ ತಿಂತೀಯೇನೇ ಅಂದ್ಲು. ಸ್ಲೇಟು ಕಿತ್ತು ಬಾವಿಗೆ ಹಾಕಿದ್ಲು. ಸ್ಲೇಟು ಕಳೆದದ್ದಕ್ಕೆ ಮೇಷ್ಟ್ರು ಅವನಿಗೆ ಬಾಸುಂಡೆ ಬರೋ ಹಾಗೆ ಹೊಡೆದ್ರು. ಪಾಪ, ಶಾಮು ಬಾಯಿ ಬಿಡಲಿಲ್ಲ.”

ಆ ಕಂಬಕ್ಕೊರಗಿದ ಅಜ್ಜಿ, ಆ ಬಾವಿ! ದಿನಾ ನಾವು ಸೇದಿ ಕುಡಿಯುತ್ತಿದ್ದದ್ದು ಅದೇ ಬಾವಿಯ ನೀರು.

“ಹಾಗಿದ್ದೂ ಅವರ ಹೆಸರೇ?”

“ಅವಳ ಹೆಸರೇ,” ಅಂದರು ಅತ್ತೆ. “ದಿನಾ ಅಷ್ಟು ಹುಡುಗೀರು ಆ ಹಲಗೆ ಕೆಳಗೇ ನುಗ್ಗಿ ಒಳಗೆ ಹೋಗ್ತಾರಲ್ಲ.”

ಅದು ಸೇಡೋ, ಕ್ಷಮೆಯೋ ನನಗೆ ಬಗೆಹರಿಯಲಿಲ್ಲ. ನಿಮಗೆ ನಾನು ಓದಲು ಕಲಿಸುತ್ತೇನೆ ಅತ್ತೆ, ‘ಈ’ಯಿಂದ ಮುಂದಕ್ಕೆ, ಎಂದೆ. ತಲೆಯಾಡಿಸಿಬಿಟ್ಟರು. “ಬೇಡ ಕಣೇ. ಹಸಿವು ಹೊತ್ತು ಮೀರಿದ ಮೇಲೆ ಅನ್ನ ರುಚಿಸೋಲ್ಲ.”

ಸಾತತ್ತೆ ಹೋದಾಗ ನಾನು ಎರಡು ಮಕ್ಕಳ ತಾಯಿ, ನನ್ನ ತಲೆಯಲ್ಲೂ ಒಂದೆರಡು ಬೆಳ್ಳಿಯೆಳೆ. ಕರ್ಮ ಮಾಡಿದವರು ಅಪ್ಪ. ಹತ್ತನೆಯ ದಿನ ಅದೇ ಸೋಪಾನ, ಅದೇ ಅರಳಿಕಟ್ಟೆ. ಶಾಸ್ತ್ರಿಗಳು ಮಾತ್ರ ಆ ಹಳಬರ ಮಗ. ಪಿಂಡವಿಟ್ಟು ಸರಿದರು. ಕಾಗೆ ಬರಲಿಲ್ಲ.

“ಏನಾಸೆ ಇತ್ತೋ ಆ ಜೀವಕ್ಕೆ,” ಅಂದರು ಶಾಸ್ತ್ರಿಗಳು. “ದತ್ತಿ ಅಂದ್ರೆ ಪ್ರಾಣ ಅವರಿಗೆ. ಅದರ ವಿಚಾರ ಏನಾದ್ರೂ ಹೇಳಿ ರಾಯರೇ.”

ಹಲ್ಲುದುರಿದ ಚಿಕ್ಕಪ್ಪ, ಮನೆಯ ಹಿಂಭಾಗವನ್ನೂ ಸ್ಕೂಲಿಗೇ ಬಿಡುತ್ತೇನೆ ಅಂದರು. ಪಾಪ, ನಿಜವಾಗಿಯೂ ಕಣ್ಣೀರಿಡುತ್ತಿದ್ದರು. ಕಾಗೆ ಬರಲಿಲ್ಲ. ಅಪ್ಪ ಯಾವ ಮಾತನ್ನೂ ಕೊಡಲಿಲ್ಲ. ಕೈಮುಗಿಯಲೂ ಇಲ್ಲ. ಮೆಲ್ಲನೆ ಎದ್ದು, ಒದ್ದೆ ಪಂಚೆಯ ಅಂಚು ಹಿಡಿದು, ಎರಡು ಮೆಟ್ಟಿಲು ಮೇಲೆ ಹತ್ತಿದರು. ಮರದ ಕಡೆ ಮುಖ ಮಾಡಿದರು. ಆಮೇಲೆ, ಮುನ್ಸೀಫ್ ಕೋರ್ಟನ್ನು ನಡುಗಿಸುತ್ತಿದ್ದ ಆ ದನಿಯನ್ನು ಸಣ್ಣದು ಮಾಡಿ, ಎಳೆದೆಳೆದು ಕರೆದರು:

“ರಾಯರೇ… ಎಲೆ ಹಾಕಿದೆ… ಬನ್ನೀ…”

ಒಂದು ಸ್ವರವೂ ತಪ್ಪಿರಲಿಲ್ಲ. ಮರದಿಂದ ಒಂದಲ್ಲ, ಮೂರು ಕಾಗೆ ಇಳಿದವು. ಸುತ್ತ ನಿಂತವರು ಇದೇನೆಂದು ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ಅಪ್ಪ ಮೆಟ್ಟಿಲಿಳಿದು ಬಂದು ನನ್ನ ಪಕ್ಕದಲ್ಲಿ ನಿಂತರು.

“ಅಪ್ಪಾ,” ಎಂದೆ. “ಯಾವಾಗಿಂದ ಗೊತ್ತಿತ್ತು?”

“ನಮ್ಮಕ್ಕ ನನ್ನನ್ನ ಜನ್ಮದಲ್ಲಿ ಒಂದು ಸಲಾನೂ ರಾಯರೇ ಅಂದವಳಲ್ಲ ಕಣಮ್ಮ,” ಅಂದರು ಅಪ್ಪ, ಕಾಗೆಗಳ ಮೇಲಿನ ಕಣ್ಣು ಕೀಳದೆ. “ಅವತ್ತು ಎಲ್ಲರೂ ಕಾಗೆ ಕಡೆ ನೋಡಿದ್ರು. ನಾನು ಅವಳ ಕಡೆ ನೋಡಿದೆ.”

ನನ್ನ ಕಡೆ ತಿರುಗದೆಯೇ ಹೇಳಿದರು:

“ಆಮೇಲೆ ನೀನು ನಿಮ್ಮ ಚಿಕ್ಕಪ್ಪನ ಹತ್ತಿರ, ಬಲಗಾಲು ಅಂದ್ಯಂತೆ.”